ಕಾಮಾಲೆ: ಕಣ್ಣಿನ ಹಳದಿಯ ಹಿಂದೆ ಏನಿದೆ?

"ಜಾಂಡಿಸ್ ಆಗಿದೆ ಡಾಕ್ಟ್ರೇ, ಔಷಧಿ ಹಾಕಿಸಿಕೊಂಡು ಬಂದಿದ್ದೇವೆ. ಸುಸ್ತಿಗೆ ಒಂದು ಗ್ಲೂಕೋಸ್ ಹಾಕಿಬಿಡಿ, ಸಾಕು." ಮಳೆಗಾಲ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಹೀಗೆ ಬಂದವರಲ್ಲಿ ಹೆಚ್ಚಿನವರು ಗುಣವಾಗಿಯೇ ಹೋಗುತ್ತಾರೆ. ನನಗೆ ಚಿಂತೆ ಇರುವುದು ಉಳಿದವರ ಬಗ್ಗೆ.

ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿ ಆಗಲೇ ಆರು ವಾರವಾಗಿತ್ತು. ಜ್ವರವಿಲ್ಲ, ನೋವಿಲ್ಲ. ರಾತ್ರಿಯೆಲ್ಲ ಮೈ ತುರಿಕೆ, ತೂಕ ಬೇರೆ ಇಳಿದಿತ್ತು. ಪಕ್ಕದ ಮನೆಯ ಹುಡುಗನಿಗೆ ಕಾಮಾಲೆಯಾದಾಗ ಸೊಪ್ಪಿನ ರಸ ಕೊಟ್ಟವರೇ ಇವರಿಗೂ ಕೊಟ್ಟಿದ್ದರು. ಆ ಹುಡುಗ ಮೂರು ವಾರದಲ್ಲಿ ಎದ್ದು ಆಟಕ್ಕೆ ಓಡಿದ್ದ. ಮೇಷ್ಟ್ರಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿ ಹಿಡಿದಿತ್ತು. ಅದಾಗಲೇ ಪಕ್ಕದ ರಕ್ತನಾಳಕ್ಕೂ ಹಬ್ಬಿದ್ದರಿಂದ ತೆಗೆಯುವಂತಿಲ್ಲ ಎಂದರು ಶಸ್ತ್ರಚಿಕಿತ್ಸಕರು. ಮೊದಲ ವಾರವೇ ಬಂದಿದ್ದರೆ? ಖಂಡಿತ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಇದ್ದ ಒಂದು ಅವಕಾಶ ಆ ಆರು ವಾರಗಳಲ್ಲಿ ಕಳೆದುಹೋಯಿತು.

ಹುಡುಗನ ಕಣ್ಣೂ ಹಳದಿ, ಮೇಷ್ಟ್ರ ಕಣ್ಣೂ ಹಳದಿ. ಕಾಯಿಲೆ ಮಾತ್ರ ಬೇರೆ ಬೇರೆ. ಜ್ವರ ಹೇಗೆ ಒಂದು ರೋಗವಲ್ಲವೋ, ಹತ್ತಾರು ರೋಗಗಳ ಲಕ್ಷಣವೋ, ಕಾಮಾಲೆಯೂ ಹಾಗೆಯೇ.

ಹಳದಿ ಬರುವುದು ಎಲ್ಲಿಂದ?

ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಅವುಗಳಲ್ಲಿನ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು, ಅಂದರೆ ಲಿವರ್, ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದ ಜೊತೆ ಪಿತ್ತನಾಳದ ಮೂಲಕ ಕರುಳಿಗೆ ಸಾಗಿಸುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದು ಇದರಿಂದಲೇ. ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ಬಿಲಿರುಬಿನ್ ಸುಮಾರು ಒಂದು ಮಿಲಿಗ್ರಾಂ ಒಳಗಿರುತ್ತದೆ. ಎರಡೂವರೆ, ಮೂರು ದಾಟಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. (ಕ್ಯಾರೆಟ್, ಪಪ್ಪಾಯಿ ಅತಿಯಾಗಿ ತಿಂದವರ ಅಂಗೈ ಹಳದಿಯಾಗುವುದುಂಟು. ಅವರ ಕಣ್ಣು ಬೆಳ್ಳಗೇ ಇರುತ್ತದೆ. ಅದು ಕಾಮಾಲೆಯಲ್ಲ.)

ಊರಿನ ಕಸ ಸಾಗಿಸುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಕಸವೇ ವಿಪರೀತ ಹೆಚ್ಚಬಹುದು, ಗಾಡಿಯವನು ಕಾಯಿಲೆ ಬೀಳಬಹುದು, ಇಲ್ಲವೇ ದಾರಿ ಕಟ್ಟಿಹೋಗಬಹುದು. ಕಾಮಾಲೆಯಲ್ಲಿ ಮೂರು ಬಗೆ ಎಂದು ವೈದ್ಯರು ಹೇಳುವುದು ಇದನ್ನೇ.

ಮೊದಲನೆಯದರಲ್ಲಿ ರಕ್ತಕಣಗಳು ಅವಧಿಗೆ ಮುಂಚೆಯೇ ರಾಶಿರಾಶಿಯಾಗಿ ಒಡೆಯುತ್ತವೆ. ಮಲೇರಿಯಾ, ಕುಡುಗೋಲು ಕಣ ರೋಗ, ಕೆಲವು ಆನುವಂಶಿಕ ತೊಂದರೆಗಳು ಇದಕ್ಕೆ ಕಾರಣ. ಇವರ ಕಣ್ಣು ತಿಳಿ ಹಳದಿ, ಮುಖ ಬಿಳಚು. ಮಲದ ಬಣ್ಣ ಮಾಸುವುದಿಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆ ನುಂಗಿದಾಗ ಮೂತ್ರ ಕೋಲಾ ಬಣ್ಣಕ್ಕೆ ತಿರುಗಬಹುದು. ಹಾಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರ ಬಳಿ ಓಡಬೇಕು. ಇನ್ನು ಕೆಲವರಿಗೆ ಏಕಾದಶಿ ಉಪವಾಸ ಮಾಡಿದಾಗಲೋ ನಿದ್ದೆಗೆಟ್ಟಾಗಲೋ ಕಣ್ಣು ತುಸು ಹಳದಿಯಾಗಿ ತಾನೇ ಸರಿಹೋಗುತ್ತದೆ. ಇದು ಗಿಲ್ಬರ್ಟ್ ಎಂಬ ಹುಟ್ಟುಗುಣ, ನಿರಪಾಯ. ಆದರೆ ಹಾಗೆಂದು ನಿರ್ಧರಿಸಬೇಕಾದ್ದು ರಕ್ತ ಪರೀಕ್ಷೆ, ನೀವಲ್ಲ.

ನೀರಿನ ಮೂಲಕ, ರಕ್ತದ ಮೂಲಕ

ಎರಡನೆಯದು ಯಕೃತ್ತೇ ಕಾಯಿಲೆ ಬೀಳುವುದು. ನಾವು ದಿನನಿತ್ಯ ನೋಡುವ ಕಾಮಾಲೆ ಹೆಚ್ಚಾಗಿ ಇದೇ. ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್‌ಗಳು ಮಲ ಬೆರೆತ ನೀರು, ಆಹಾರದಿಂದ ಬರುತ್ತವೆ. ಆ ನೀರು ಕುಡಿದ ಎರಡರಿಂದ ಆರು ವಾರಗಳ ನಂತರ ಜ್ವರ, ವಾಂತಿ, ಊಟ ಕಂಡರೆ ವಾಕರಿಕೆ. ಆಮೇಲೆ ಮೂತ್ರ ಕಡುಚಹಾದ ಬಣ್ಣ, ಕಣ್ಣು ಹಳದಿ.

ಒಂದು ನಗರದ ನೀರು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯೇ ಸಾಕ್ಷಿ. 1955ರಲ್ಲಿ ಯಮುನೆಯಲ್ಲಿ ಪ್ರವಾಹ ಬಂದು ನದಿಯ ಪಾತ್ರ ಬದಲಾಯಿತು. ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಸೇರಿತು. ಡಿಸೆಂಬರ್‌ನಿಂದ ಜನವರಿಯವರೆಗೆ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. 'ಎ' ವೈರಸ್ ಎಂದೇ ಆಗ ತಿಳಿದಿದ್ದರು. ಕಾದಿಟ್ಟ ರಕ್ತದ ಮಾದರಿಗಳನ್ನು ಎಷ್ಟೋ ವರ್ಷಗಳ ಮೇಲೆ ಪರೀಕ್ಷಿಸಿದಾಗ ಅದು 'ಇ' ಎಂದು ಗೊತ್ತಾಯಿತು. ಈ 'ಇ' ವೈರಸ್ಸನ್ನು ಕಂಡವರು ರಷ್ಯಾದ ವಿಜ್ಞಾನಿ ಮಿಖಾಯಿಲ್ ಬಾಲಯನ್. ರೋಗಿಗಳ ಮಲದಿಂದ ತಯಾರಿಸಿದ ದ್ರಾವಣವನ್ನು ತಾವೇ ಕುಡಿದು, ಕಾಮಾಲೆ ಬರಿಸಿಕೊಂಡು, 1983ರಲ್ಲಿ ಅದನ್ನು ವರದಿ ಮಾಡಿದರು!

'ಎ' ಮತ್ತು 'ಇ' ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಸೊಪ್ಪಿನ ಔಷಧಿಗೆ ಬಂದ ಕೀರ್ತಿಯೆಲ್ಲ ಇದರಿಂದಲೇ ಬಂದದ್ದು. ಆದರೆ ಗರ್ಭಿಣಿಯರ ವಿಷಯದಲ್ಲಿ ಈ ಧೈರ್ಯ ಬೇಡ. ಕೊನೆಯ ಮೂರು ತಿಂಗಳಲ್ಲಿ 'ಇ' ತಗುಲಿದರೆ ನೂರಕ್ಕೆ ಇಪ್ಪತ್ತರಷ್ಟು ತಾಯಂದಿರು ತೀರಿಕೊಂಡ ಸಾಂಕ್ರಾಮಿಕಗಳು ನಡೆದಿವೆ. ಬಸುರಿಯ ಕಣ್ಣು ಹಳದಿ ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

'ಬಿ' ಮತ್ತು 'ಸಿ' ಬೇರೆ ಜಾತಿಯವು. ಇವು ಹರಡುವುದು ರಕ್ತ, ಶುದ್ಧಿಯಿಲ್ಲದ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ. ಒಟ್ಟಿಗೆ ಕೂತು ಉಂಡರೆ ಬರುವುದಿಲ್ಲ. ಎಷ್ಟೋ ಜನರಲ್ಲಿ ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಒಳಗೇ ಕುಳಿತು ಯಕೃತ್ತನ್ನು ಗಂಟುಗಟ್ಟಿಸುತ್ತವೆ, ಕ್ಯಾನ್ಸರ್‌ಗೂ ದಾರಿ ಮಾಡುತ್ತವೆ. 'ಬಿ'ಗೆ ಲಸಿಕೆ ಇದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು. 'ಸಿ'ಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ಪೂರ್ತಿ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವೆರಡಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ, ಚಿಕಿತ್ಸೆ ಇದೆ.

ವೈರಸ್ ಒಂದೇ ಅಲ್ಲ. ಮದ್ಯಪಾನ, ಕ್ಷಯದ ಮಾತ್ರೆಗಳು, ಅತಿಯಾಗಿ ನುಂಗಿದ ಪ್ಯಾರಾಸಿಟಮಾಲ್ ಕೂಡ ಯಕೃತ್ತನ್ನು ಕೆಡಿಸುತ್ತವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರಿಗೆ ಜ್ವರ, ಮೀನಖಂಡದ ವಿಪರೀತ ನೋವು, ಕೆಂಪು ಕಣ್ಣು, ಜೊತೆಗೆ ಕಾಮಾಲೆ ಬಂದರೆ ಅದು ಇಲಿಜ್ವರ ಇರಬಹುದು. ಅದಕ್ಕೆ ಬೇಕಾದ್ದು ಆ್ಯಂಟಿಬಯಾಟಿಕ್, ಅದೂ ಬೇಗ.

ದಾರಿ ಕಟ್ಟಿದಾಗ

ಮೂರನೆಯ ಬಗೆಯಲ್ಲಿ ಪಿತ್ತನಾಳದಲ್ಲಿ ತಡೆ. ಮಲ ಜೇಡಿಮಣ್ಣಿನಂತೆ ಬಿಳಚಿಕೊಳ್ಳುತ್ತದೆ, ಮೂತ್ರ ಕಡುಬಣ್ಣವಾಗುತ್ತದೆ, ಮೈಯೆಲ್ಲ ತುರಿಕೆ. ಪಿತ್ತಕೋಶದ ಕಲ್ಲು ಜಾರಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ ನೋವು ಬರುತ್ತದೆ, ಸೋಂಕು ಸೇರಿದರೆ ಚಳಿಜ್ವರವೂ ಬರುತ್ತದೆ. ಇದು ತುರ್ತು. ವಯಸ್ಸಾದವರಲ್ಲಿ ನೋವೇ ಇಲ್ಲದೆ ದಿನೇದಿನೇ ಏರುವ ಹಳದಿ ಮೇಷ್ಟ್ರ ಕಥೆಯಂತಾಗಬಹುದು. ಹೊಟ್ಟೆಯ ಸ್ಕ್ಯಾನಿಂಗ್ ಒಂದರಿಂದಲೇ ಎಷ್ಟೋ ತಿಳಿಯುತ್ತದೆ.

ಆದ್ದರಿಂದ ವೈದ್ಯರ ಬಳಿ ಹೋಗುವ ಮೊದಲು ಮೂತ್ರದ ಬಣ್ಣ, ಮಲದ ಬಣ್ಣ ನೋಡಿಕೊಂಡು ಹೋಗಿ. ಹೇಳಲು ಸಂಕೋಚ ಬೇಡ. ನಮಗೆ ಅರ್ಧ ದಾರಿ ಅಲ್ಲೇ ಸಿಗುತ್ತದೆ.

ನಾಟಿ ಔಷಧಿಯ ಬಗ್ಗೆ ನನ್ನನ್ನು ಕೇಳದವರಿಲ್ಲ. ನೆಲನೆಲ್ಲಿಯನ್ನು ವಿಜ್ಞಾನಿಗಳು ತಾತ್ಸಾರ ಮಾಡಿಲ್ಲ. ಮದ್ರಾಸಿನಲ್ಲಿ ಹೆಪಟೈಟಿಸ್ 'ಬಿ' ಇದ್ದವರ ಮೇಲೆ ನಡೆಸಿದ ಪ್ರಯೋಗ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಭರವಸೆಯ ಫಲಿತಾಂಶದೊಂದಿಗೆ ಪ್ರಕಟವಾಗಿತ್ತು. ಬೇರೆ ಕಡೆ ಮಾಡಿದಾಗ ಆ ಫಲ ಕಾಣಲಿಲ್ಲ. ಕಣ್ಣಿಗೆ ರಸ ಹಿಂಡುವುದು, ತೋಳಿಗೆ ಬರೆ ಹಾಕುವುದು ಮಾತ್ರ ಹಿಂಸೆ. ಬರೆ ಕೀವಾಗಿ ಬಂದವರನ್ನು ನಾನೇ ನೋಡಿದ್ದೇನೆ.

ಪಥ್ಯದ ಹೆಸರಿನಲ್ಲಿ ಉಪ್ಪು, ಎಣ್ಣೆ, ಕೊನೆಗೆ ಅರಿಶಿನವನ್ನೂ ಬಿಡಿಸಿ ಬರೀ ಮಜ್ಜಿಗೆ ಅನ್ನ ಹಾಕುತ್ತಾರೆ. ಅರಿಶಿನಕ್ಕೂ ಕಣ್ಣಿನ ಹಳದಿಗೂ ಬಣ್ಣವೊಂದನ್ನು ಬಿಟ್ಟು ಬೇರೆ ಸಂಬಂಧವಿಲ್ಲ. ರುಚಿಸುವ ಮನೆಯೂಟ, ಬೇಳೆ, ಹಾಲು, ಹಣ್ಣು ಕೊಡಿ. ಜಿಡ್ಡಿನಿಂದ ವಾಕರಿಕೆ ಬಂದರೆ ಅಷ್ಟು ದಿನ ಕಡಿಮೆ ಮಾಡಿ. ಬೀದಿಬದಿಯ ಕಬ್ಬಿನ ಹಾಲು ಕಾಮಾಲೆಗೆ ಮದ್ದು ಎಂದು ಲೋಟಗಟ್ಟಲೆ ಕುಡಿಸುವವರಿದ್ದಾರೆ. ಅದಕ್ಕೆ ಹಾಕುವ ಐಸು ಯಾವ ನೀರಿನದು ಎಂದು ಕೇಳಿದವರು ಕಡಿಮೆ. ಮದ್ಯ ಪೂರ್ತಿ ಬಂದ್.

ರೋಗಿ ಹಗಲು ನಿದ್ರಿಸಿ ರಾತ್ರಿ ಎಚ್ಚರವಿದ್ದರೆ, ಅಸಂಬದ್ಧ ಮಾತಾಡಿದರೆ, ವಸಡಿನಲ್ಲಿ ರಕ್ತ ಜಿನುಗಿದರೆ, ಹೊಟ್ಟೆ ಊದಿದರೆ, ವಾಂತಿ ನಿಲ್ಲದಿದ್ದರೆ ಯಕೃತ್ತು ಸೋಲುತ್ತಿದೆ ಎಂದು ತಿಳಿಯಿರಿ. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಹಸುಗೂಸುಗಳು. ಎರಡು ಮೂರನೆಯ ದಿನ ಕಾಣಿಸಿ ಒಂದೆರಡು ವಾರದಲ್ಲಿ ಹೋಗುವ ಹಳದಿ ಬಹಳ ಮಕ್ಕಳಲ್ಲಿ ಸಹಜ. ಹುಟ್ಟಿದ 24 ಗಂಟೆಯೊಳಗೇ ಬಂದರೆ, ಅಂಗೈ ಅಂಗಾಲಿಗೂ ಇಳಿದರೆ, ಮಗು ಹಾಲು ಚೀಪದಿದ್ದರೆ ತಡಮಾಡಬೇಡಿ; ಮಿದುಳಿಗೆ ಪೆಟ್ಟಾಗಬಹುದು. ಎರಡು ವಾರ ದಾಟಿಯೂ ಹಳದಿ ಉಳಿದು ಮಲ ಬಿಳಚಾಗಿದ್ದರೆ ಮಗುವಿನ ಪಿತ್ತನಾಳವೇ ಮುಚ್ಚಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಮಗುವಿನ ಬಟ್ಟೆ ಒಗೆಯುವ ಅಜ್ಜಿಯ ಕಣ್ಣಿಗೇ ಇದು ಮೊದಲು ಬೀಳುವುದು. ಹಾಲು ಕುಡಿಯುವ ಮಗು, ಬೆಳ್ಳಗೇ ಇರುತ್ತದೆ ಎಂದು ಬಿಟ್ಟುಬಿಡಬೇಡಿ. ಒಗೆಯದ ಆ ಬಟ್ಟೆಯನ್ನೇ ಮಗುವಿನ ಜೊತೆ ತಂದು ವೈದ್ಯರಿಗೆ ತೋರಿಸಿ.