ಶಂಕೆಯ ಯುದ್ಧ

ಕತ್ತಿ ಹಿರಿದು ಮನೆಗೆ ನುಗ್ಗಿದವನನ್ನು ಹೊಡೆಯುವುದು ಆತ್ಮರಕ್ಷಣೆ. ಮುಂದೆಂದಾದರೂ ನುಗ್ಗಿಯಾನೆಂಬ ಶಂಕೆಯಿಂದಲೇ ಅವನ ಮನೆಗೆ ಬೆಂಕಿಯಿಡಬಹುದೆ? ವಿಶ್ವಸಂಸ್ಥೆಯ ಸನ್ನದಿನ 51ನೆಯ ವಿಧಿಯು ಸಶಸ್ತ್ರ ದಾಳಿಗೆ ಗುರಿಯಾದ ರಾಷ್ಟ್ರದ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯಮಾಡಿದೆ. ಶಂಕೆಯ ಮಾತನ್ನು ಅದು ಎತ್ತುವುದಿಲ್ಲ.

2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಅಮೆರಿಕದಲ್ಲಿ ಸುಮಾರು 3000 ಜನರನ್ನು ಕೊಂದರು. ಅಂತಹ ಪೆಟ್ಟು ತಿಂದ ರಾಷ್ಟ್ರವು ಇನ್ನೊಂದಕ್ಕೆ ಅಂಜಿದುದು ಸಹಜವೇ ಸರಿ. ಆ ಕೃತ್ಯದಲ್ಲಿ ಇರಾಕಿನ ಪಾತ್ರವಿರಲಿಲ್ಲ. ಆದರೂ ಸದ್ದಾಮ್ ಹುಸೇನನ ಬಳಿಯ ಸಾಮೂಹಿಕ ವಿನಾಶದ ಅಸ್ತ್ರಗಳು ಭಯೋತ್ಪಾದಕರ ಕೈಸೇರಬಹುದೆಂದು ಹೇಳಿ, 2003ರ ಮಾರ್ಚ್ ತಿಂಗಳಲ್ಲಿ ಅಮೆರಿಕವು ಇರಾಕಿನ ಮೇಲೆ ದಂಡೆತ್ತಿ ಹೋಯಿತು. ತಪಾಸಣೆಗೆ ಇನ್ನೂ ಕೆಲವು ತಿಂಗಳು ಬೇಕೆಂದ ವಿಶ್ವಸಂಸ್ಥೆಯ ಹ್ಯಾನ್ಸ್ ಬ್ಲಿಕ್ಸ್ ಅವರ ಮಾತಿಗೆ ಬೆಲೆ ದೊರೆಯಲಿಲ್ಲ. ಯುದ್ಧಾನಂತರ ಆ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಆಡಳಿತ ಕುಸಿದ ಅದೇ ನಾಡಿನಲ್ಲಿ ಇಸ್ಲಾಮಿಕ್ ಸ್ಟೇಟ್ ಎಂಬ ಉಗ್ರರ ಪಡೆ ಬೆಳೆದು, 2014ರಲ್ಲಿ ಮೋಸುಲ್ ನಗರವನ್ನೇ ವಶಪಡಿಸಿಕೊಂಡಿತು.