ಮುಂಬಯಿಯ ಸರಪಳಿ ಕಡಿದ ವರ್ಷ

ನಮ್ಮ ದೇಶದ ರಾಜ್ಯಗಳ ನಡುವಣ ದೊಡ್ಡ ಕ್ರಿಕೆಟ್ ಪಂದ್ಯಾವಳಿ ರಣಜಿ ಟ್ರೋಫಿ. 1958-59ರಿಂದ ಸತತ 15 ವರ್ಷ ಅದು ಮುಂಬಯಿಯ ಕೈಯಲ್ಲೇ ಇತ್ತು. ನಮ್ಮ ಹಾಸನೂರಿನಿಂದ ಗಡಿ ದಾಟಿದರೆ ಸಿಗುವ ಮೈಸೂರು ರಾಜ್ಯದ ತಂಡ 1941-42 ಮತ್ತು 1959-60ರ ಫೈನಲ್‌ಗಳಲ್ಲಿ ಮುಂಬಯಿಗೇ ಸೋತಿತ್ತು.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ಋತುವಿನ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಪ್ರಸನ್ನರ ತಂಡ ಮತ್ತೆ ಮುಂಬಯಿಯನ್ನು ಎದುರಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಒಟ್ಟು 385 ಓಟ. ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿದರು. ವಾಡೇಕರ್ ಓಡುವಾಗ ಜಾರಿ ರನೌಟಾದರು. ಮುಂಬಯಿ 307ಕ್ಕೆ ನಿಂತಿತು. ಪಂದ್ಯ ಪೂರ್ತಿಯಾಗದಿದ್ದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರೇ ಗೆದ್ದಂತೆ. ಹೀಗೆ 78 ಓಟಗಳ ಮುನ್ನಡೆ ಕರ್ನಾಟಕವನ್ನು ಗೆಲ್ಲಿಸಿತು. ಜಯಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಪಡೆಯಿತು.

ಸೋತವರು ಆಟ ಬಿಡದಿದ್ದರೆ ಗೆಲುವಿಗೂ ಒಂದು ದಿನ ಬರುತ್ತದೆಂದು ನಾವು ಇದರಿಂದ ಕಲಿಯುತ್ತೇವೆ.