ಸಂಘದ ಸೂಚನಾ ಫಲಕಕ್ಕೆ ಪುಟ್ಟ ಗಣಕಯಂತ್ರ



ನಿಮ್ಮ ಸಂಘದ ಸೂಚನಾ ಫಲಕವನ್ನು ಒಮ್ಮೆ ಗಮನಿಸಿ. ಕಾಲುಬಾಯಿ ಜ್ವರದ ಲಸಿಕೆ ಮುಗಿದು ತಿಂಗಳಾದರೂ ಅದರ ಚೀಟಿ ಇನ್ನೂ ಅಲ್ಲೇ ಇರಬಹುದು. ಅದರ ಮೇಲೆ ಪಶು ಆಹಾರದ ದರ, ಅದರ ಮೇಲೆ ಮಹಾಸಭೆಯ ನೋಟೀಸು. ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯದೆ ಸದಸ್ಯರು ಓದುವುದನ್ನೇ ಬಿಟ್ಟುಬಿಡುತ್ತಾರೆ. ಇದರಿಂದಾಗುವ ನಷ್ಟ ಸಣ್ಣದಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯ ದಿನ ತಪ್ಪಿದರೆ ಹಸುವಿಗೆ ಅಪಾಯ. ಖರೀದಿ ದರ ಲೀಟರಿಗೆ 1 ರೂಪಾಯಿ ಇಳಿದದ್ದು ತಿಳಿಯದಿದ್ದರೆ, ದಿನಕ್ಕೆ 10 ಲೀಟರ್ ಹಾಕುವವರ ಲೆಕ್ಕದಲ್ಲಿ ತಿಂಗಳಿಗೆ 300 ರೂಪಾಯಿ ವ್ಯತ್ಯಾಸ ಬರುತ್ತದೆ. ಬಟವಾಡೆಯ ದಿನ ವಿನಾಕಾರಣ ಕಾರ್ಯದರ್ಶಿಗಳ ಮೇಲೆ ಅನುಮಾನ ಹುಟ್ಟುತ್ತದೆ.

ಕೃಷ್ಣರಾಜಪುರ, ಬಿದರಹಳ್ಳಿ ಕಡೆಯಿಂದ ನಗರಕ್ಕೆ ಹೋಗಿಬರುವವರು ಮೆಟ್ರೋ ನಿಲ್ದಾಣದ ಫಲಕವನ್ನು ನೋಡಿರುತ್ತೀರಿ. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 2011ರ ಅಕ್ಟೋಬರ್ 20ರಂದು ಆರಂಭವಾದ ಮಾರ್ಗಕ್ಕೆ 2023ರ ಅಕ್ಟೋಬರ್‌ನಲ್ಲಿ ಕೃಷ್ಣರಾಜಪುರವೂ ಸೇರಿಕೊಂಡಿತು. ಹಲಸೂರು, ಇಂದಿರಾನಗರ ನಿಲ್ದಾಣಗಳ ಫಲಕ ಮುಖ್ಯವಾಗಿ ಹೇಳುವುದು ಎರಡೇ ವಿಷಯ: ಮುಂದಿನ ರೈಲು ಎಲ್ಲಿಗೆ, ಎಷ್ಟು ನಿಮಿಷದಲ್ಲಿ. ರೈಲು ಹೋದ ಮೇಲೆ ಆ ಸಾಲೂ ಹೋಗುತ್ತದೆ. ಹಳೆಯ ಮಾತು ಅಲ್ಲಿ ಉಳಿಯದ ಕಾರಣ ಜನ ಅದನ್ನು ನಂಬುತ್ತಾರೆ. ಅಂಥ ಫಲಕವೊಂದನ್ನು ಸಂಘದಲ್ಲೇ, ಇರುವ ಟಿ.ವಿ.ಯನ್ನು ಬಳಸಿ ಮಾಡಿಕೊಳ್ಳಬಹುದು.

ಬೇಕಾಗುವ ಸಾಮಗ್ರಿ

ರಾಸ್‌ಬೆರಿ ಪೈ ಎಂಬುದು ಎ.ಟಿ.ಎಂ. ಕಾರ್ಡಿನಷ್ಟು ಅಗಲದ, ಒಂದೇ ಹಲಗೆಯ ಗಣಕಯಂತ್ರ. ಮಕ್ಕಳ ಕಲಿಕೆಗೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಇದು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಇದರ 4ನೇ ಮಾದರಿ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಜೊತೆಗೆ 16 ಅಥವಾ 32 ಜಿ.ಬಿ.ಯ ಮೈಕ್ರೋ ಎಸ್.ಡಿ. ಕಾರ್ಡು, 5 ವೋಲ್ಟ್ 3 ಆಂಪಿಯರಿನ ವಿದ್ಯುತ್ ಅಡಾಪ್ಟರ್, ಎಚ್.ಡಿ.ಎಂ.ಐ. ಕಿಂಡಿ ಇರುವ ಟಿ.ವಿ. ಮತ್ತು ಕೇಬಲ್ ಬೇಕು. 4ನೇ ಮಾದರಿಯ ಹಲಗೆಯಲ್ಲಿರುವುದು ಮೈಕ್ರೋ ಎಚ್.ಡಿ.ಎಂ.ಐ. ಕಿಂಡಿ ಎಂಬುದನ್ನು ಕೇಬಲ್ ಕೊಳ್ಳುವಾಗ ಮರೆಯಬೇಡಿ. ಹಳೆಯ ಮೊಬೈಲ್ ಚಾರ್ಜರಿನಿಂದ ಕೆಲಸ ಸಾಗಿಸಲು ಹೋಗಬೇಡಿ. ವಿದ್ಯುತ್ ಸಾಲದಿದ್ದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತದೆ. ಯಂತ್ರ ಆಗಾಗ ನಿಂತುಹೋಗುತ್ತದೆ.

ಮಾಡುವ ವಿಧಾನ

1. ಸಂಘದ ಗಣಕಯಂತ್ರಕ್ಕೆ ರಾಸ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಿ. ಅದರ ಮೂಲಕ ಆಂಥಿಯಾಸ್ ಎಂಬ ಫಲಕ ತಂತ್ರಾಂಶವನ್ನು ಕಾರ್ಡಿಗೆ ಬರೆಯಿರಿ. ಇದೂ ಉಚಿತ; ಹಿಂದೆ ಇದಕ್ಕೆ ಸ್ಕ್ರೀನ್ಲಿ ಓ.ಎಸ್.ಇ. ಎಂಬ ಹೆಸರಿತ್ತು.

2. ಕಾರ್ಡನ್ನು ಹಲಗೆಗೆ ಸಿಕ್ಕಿಸಿ, ಟಿ.ವಿ.ಗೂ ರೌಟರಿಗೂ ಕೇಬಲ್ ಜೋಡಿಸಿ, ಕೊನೆಯಲ್ಲಿ ವಿದ್ಯುತ್ ಕೊಡಿ. ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅನಂತರ ಪರದೆಯ ಮೇಲೆ ಅಂಕಿಗಳ ವಿಳಾಸವೊಂದು ಮೂಡುತ್ತದೆ.

3. ಅದೇ ರೌಟರಿಗೆ ಸೇರಿದ ಗಣಕಯಂತ್ರದ ಬ್ರೌಸರಿನಲ್ಲಿ ಆ ವಿಳಾಸ ಬರೆದರೆ ಫಲಕದ ಪುಟ ತೆರೆಯುತ್ತದೆ. ಮೊದಲು ಗುಪ್ತಪದ ಹಾಕಿ. ಇಲ್ಲವಾದರೆ ಸಂಘದ ವೈಫೈ ಬಳಸುವ ಯಾರು ಬೇಕಾದರೂ ದರ ತಿದ್ದಬಹುದು.

4. ಸೂಚನೆಗಳನ್ನು 1920 x 1080 ಅಳತೆಯ ಚಿತ್ರಗಳಾಗಿ ಸಿದ್ಧಪಡಿಸಿ ಸೇರಿಸಿ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ನೇರವಾಗಿ ಬೇರೆ ಯಂತ್ರಕ್ಕೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಚಿತ್ರವಾಗಿ ಉಳಿಸಿಕೊಂಡರೆ ಈ ತೊಂದರೆ ಇಲ್ಲ.

5. ಪ್ರತಿ ಸೂಚನೆಗೂ ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಮತ್ತು ಎಷ್ಟು ಸೆಕೆಂಡು ಎಂಬುದನ್ನು ತುಂಬಿ. ಲಸಿಕಾ ಶಿಬಿರ 14ನೇ ತಾರೀಕಿಗೆ ಮುಗಿಯುವುದಾದರೆ ಅಂದೇ ಸಂಜೆಗೆ ಮುಕ್ತಾಯ ಕೊಡಿ. ಚೀಟಿ ತಾನಾಗಿಯೇ ಇಳಿಯುತ್ತದೆ. ಈ ಏರ್ಪಾಟಿನ ಮುಖ್ಯ ಪ್ರಯೋಜನ ಇದೇ.

ಎಂಟು ಪುಟಗಳಿಗೆ 12 ಸೆಕೆಂಡಿನಂತೆ ಕೊಟ್ಟರೆ 96 ಸೆಕೆಂಡಿಗೆ ಒಂದು ಸುತ್ತು. ಹಾಲು ಹಾಕಲು ಸಾಲಿನಲ್ಲಿ ನಿಂತವರು ಅಷ್ಟರಲ್ಲಿ ಎಲ್ಲವನ್ನೂ ಓದಿಕೊಳ್ಳಬಹುದು.

ಎಚ್ಚರಿಕೆಗಳು

ಹಠಾತ್ತನೆ ವಿದ್ಯುತ್ ಹೋದರೆ ಕಾರ್ಡು ಕೆಡುವ ಸಂಭವವಿದೆ. ಸಣ್ಣ ಯು.ಪಿ.ಎಸ್. ಜೋಡಿಸಿ, ಸಿದ್ಧಪಡಿಸಿದ ಕಾರ್ಡಿನ ಪ್ರತಿಯೊಂದನ್ನು ಬೀರುವಿನಲ್ಲಿಡಿ. ಕ್ಯಾನ್ ತೊಳೆಯುವ ಸ್ಥಳದಿಂದ ದೂರದಲ್ಲಿ, ನೀರು ಸಿಡಿಯದ ಎತ್ತರದಲ್ಲಿ, ಗಾಳಿಯಾಡುವ ಡಬ್ಬಿಯೊಳಗೆ ಹಲಗೆಯನ್ನು ಇಡಬೇಕು. ಇನ್ನೊಂದು ಮಾತು: 4ನೇ ಮಾದರಿಯಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಅಂತರ್ಜಾಲದಿಂದಲೇ ಅದು ದಿನಾಂಕ ತಿಳಿಯುತ್ತದೆ. ಕರೆಂಟು ಹೋಗಿ ಬಂದಾಗ ಅಂತರ್ಜಾಲ ಇರದಿದ್ದರೆ ದಿನಾಂಕ ಹಿಂದುಳಿದು ಹಳೆಯ ಸೂಚನೆ ಮತ್ತೆ ಕಾಣಬಹುದು. ಆದ್ದರಿಂದ ಪ್ರತಿ ಚಿತ್ರದ ಮೂಲೆಯಲ್ಲೂ ತಾರೀಕನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಏನು ಬರೆಯಬೇಕು, ಏನು ಬೇಡ

ಜಿಡ್ಡಿನಂಶ ಹಾಗೂ ಜಿಡ್ಡೇತರ ಘನಾಂಶಕ್ಕೆ ತಕ್ಕ ದರಪಟ್ಟಿ, ಅದು ಜಾರಿಗೆ ಬಂದ ದಿನ, ಬಟವಾಡೆಯ ದಿನ, ಪಶುವೈದ್ಯರು ಬರುವ ದಿನ, ಪಶು ಆಹಾರದ ದರ, ರಾಸು ವಿಮೆಯ ಕೊನೆಯ ದಿನ: ಇವಿಷ್ಟು ಇರಲಿ. ದರಪಟ್ಟಿ ಉದ್ದವಾದರೆ ಎರಡು ಮೂರು ಪುಟಗಳಾಗಿ ಒಡೆಯಿರಿ. ಒಂದು ಪುಟಕ್ಕೆ ಆರು ಸಾಲು ಮೀರದಿರಲಿ. ಸದಸ್ಯರ ಹೆಸರಿನ ಮುಂದೆ ಅವರ ಹಣ, ಸಾಲದ ಬಾಕಿ, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಎಂದಿಗೂ ತೋರಿಸಬಾರದು. ಅದು ಅವರ ಪಾಸ್‌ಪುಸ್ತಕದ ವಿಷಯ. ಉಪವಿಧಿಗಳ ಪ್ರಕಾರ ಸದಸ್ಯರಿಗೆ ತಲುಪಿಸಬೇಕಾದ ಮಹಾಸಭೆಯ ನೋಟೀಸಿಗೆ ಈ ಪರದೆ ಬದಲಿಯಲ್ಲ. ಓದು ಬಾರದ ಹಿರಿಯರಿಗೆ ಹಾಲು ಅಳೆಯುವಾಗಲೇ ಬಾಯಿಮಾತಿನಲ್ಲಿ ಹೇಳಬೇಕು.

ಯಂತ್ರವನ್ನು ಒಂದು ಮಧ್ಯಾಹ್ನದಲ್ಲಿ ಜೋಡಿಸಬಹುದು. ಅದನ್ನು ದಿನವೂ ನೋಡಿಕೊಳ್ಳುವವರು ಯಾರು ಎಂಬುದನ್ನು ಆಡಳಿತ ಮಂಡಳಿ ಮೊದಲೇ ತೀರ್ಮಾನಿಸಿ, ಒಬ್ಬರ ಹೆಸರನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು. ಬೆಳಗಿನ ಹಾಲು ಬರುವ ಮುನ್ನ ಅವರು ಒಂದು ಸುತ್ತು ನೋಡಿ, ತಪ್ಪಿದ್ದರೆ ತಿದ್ದಲಿ. ಹಾಗೆ ನೋಡುವವರು ಇಲ್ಲದ ಸಂಘಕ್ಕೆ ಸೀಮೆಸುಣ್ಣದ ಕಪ್ಪು ಹಲಗೆಯೇ ಮೇಲು. ನೋಡುವವರಿದ್ದರೆ, ಎರಡು ಹಸು ಕಟ್ಟಿದ ಸದಸ್ಯರೂ ತಮ್ಮ ಹಾಲಿನ ದರವನ್ನು ಯಾರನ್ನೂ ಕೇಳದೆ ತಾವೇ ಓದಿ ಲೆಕ್ಕ ಹಾಕಿಕೊಳ್ಳಬಹುದು.